ಉಂಡ ಮೇಲೆ ಚಳಿ ಯಾಕೆ? ಡಯಟ್ ಮಾಡುವವರ ತಟ್ಟೆಯ ಲೆಕ್ಕ

ಪ್ರಶ್ನೆ: ಶಿರಸಿಯವಳು, 36 ವರ್ಷ, ಎತ್ತರ 158 ಸೆಂ.ಮೀ. ಎರಡು ತಿಂಗಳಲ್ಲಿ 72 ಕಿಲೋದಿಂದ 64ಕ್ಕೆ ಇಳಿದಿದ್ದೇನೆ. ಬೆಳಿಗ್ಗೆ ನೀರಲ್ಲಿ ಬೇಯಿಸಿದ ಓಟ್ಸ್, ಮಧ್ಯಾಹ್ನ ಒಂದು ಸಣ್ಣ ಸೌಟು ಅನ್ನ, ಹೊಟ್ಟೆ ತುಂಬಲೆಂದು ಎರಡು ಲೋಟ ತಂಬುಳಿ, ಸೌತೆಕಾಯಿ. ರಾತ್ರಿ ಒಂದು ಫುಲ್ಕ, ಪಲ್ಯ, ಪಪ್ಪಾಯಿ. ಮೂರು ವಾರದಿಂದ ಮಧ್ಯಾಹ್ನ ಊಟ ಮುಗಿಸಿ ಕಾಲು ಗಂಟೆಯೊಳಗೆ ಕೈಕಾಲು ತಣ್ಣಗಾಗಿ ಮೈ ಜುಮ್ಮೆನ್ನುತ್ತದೆ, ಶಾಲು ಹೊದ್ದು ಕೂರಬೇಕು. ಒಂದು ಗಂಟೆ ಕಳೆದ ಮೇಲೆ ಸರಿಹೋಗುತ್ತದೆ. ಜ್ವರ ಇಲ್ಲ, ಮುಟ್ಟು ಸರಿಯಾಗಿದೆ. ಉಂಡರೆ ಮೈ ಬಿಸಿಯಾಗಬೇಕಲ್ಲವೇ? ಅತ್ತೆ ‘ತಂಬುಳಿ ತಂಪು, ಬಿಡು’ ಅನ್ನುತ್ತಾರೆ. ಥೈರಾಯ್ಡ್ ಇರಬಹುದೇ? ಡಯಟ್ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸುವುದು ಬೇಡ, ಆದರೆ ಈಗಿನ ತಟ್ಟೆಯನ್ನು ಹೀಗೇ ಮುಂದುವರಿಸುವುದೂ ಬೇಡ. ನೀವು ಬರೆದ ವಿವರ ನೋಡಿದರೆ ಕಾಯಿಲೆಗಿಂತ ಊಟವೇ ಮೊದಲ ಅನುಮಾನ. ಥೈರಾಯ್ಡ್ ಮತ್ತು ರಕ್ತಹೀನತೆಯನ್ನು ಒಮ್ಮೆ ಪರೀಕ್ಷಿಸಿ ಬದಿಗಿಡುವುದು ಒಳ್ಳೆಯದು, ಅದನ್ನು ಮುಂದೆ ಹೇಳುತ್ತೇನೆ. ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಎಷ್ಟು ಅನ್ನುವುದಕ್ಕೆ ಲೆಕ್ಕವನ್ನೇ ಕೊಡಬಹುದು.

ಉಂಡ ಅನ್ನವನ್ನು ಅರಗಿಸಿ, ಹೀರಿಕೊಂಡು, ಕೂಡಿಡಲು ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ. ಆ ಖರ್ಚೇ ಶಾಖವಾಗಿ ಹೊರಬರುತ್ತದೆ. ಪ್ರೋಟೀನಿನ ಕ್ಯಾಲೊರಿಯಲ್ಲಿ ಶೇ 20ರಿಂದ 30 ಹೀಗೆ ಶಾಖವಾಗುತ್ತದೆ, ಅನ್ನ-ರೊಟ್ಟಿಯಂಥ ಪಿಷ್ಟದಲ್ಲಿ ಶೇ 5ರಿಂದ 10, ಎಣ್ಣೆ-ತುಪ್ಪದಲ್ಲಿ ಶೇ 3 ದಾಟುವುದಿಲ್ಲ. ನಿಮ್ಮ ಮಧ್ಯಾಹ್ನದ ಊಟ ನೋಡಿ: ಸುಮಾರು 80 ಗ್ರಾಂ ಅನ್ನಕ್ಕೆ 105 ಕ್ಯಾಲೊರಿ, ತೆಂಗಿನಕಾಯಿ ಹಾಕಿದ ನೀರು ತಂಬುಳಿ 400 ಮಿ.ಲೀ.ಗೆ 130, ಸೌತೆಕಾಯಿಗೆ 15. ಒಟ್ಟು 250. ಪ್ರೋಟೀನ್ ಐದಾರು ಗ್ರಾಂ ಇದ್ದರೆ ಹೆಚ್ಚು. ಇಂಥ ಊಟದಿಂದ ಸಿಗುವ ಶಾಖ 20 ಕ್ಯಾಲೊರಿಯ ಆಸುಪಾಸು. ಅದೂ ಒಮ್ಮೆಲೇ ಅಲ್ಲ, ಮೂರು ಗಂಟೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ. ಅದು ಏರುಮುಖವಾಗಲಿಕ್ಕೇ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು.

ಈಗ ತಂಬುಳಿ. ಫ್ರಿಜ್ಜಿನಿಂದ ತೆಗೆದ ಮೊಸರು, ಫ್ರಿಜ್ಜಿನ ನೀರು ಹಾಕಿ ಕಡೆದದ್ದಾದರೆ ಅದು 8 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. 400 ಮಿ.ಲೀ.ಯನ್ನು 8ರಿಂದ 37 ಡಿಗ್ರಿಗೆ ಏರಿಸಲು 11 ಕ್ಯಾಲೊರಿಗೂ ಮೇಲೆ ಬೇಕು. ನಿಮ್ಮ ವಯಸ್ಸು, ತೂಕಕ್ಕೆ ಸುಮ್ಮನೆ ಕೂತಾಗ ಇಡೀ ದೇಹ ಗಂಟೆಗೆ ಹುಟ್ಟಿಸುವ ಶಾಖ ಸುಮಾರು 54 ಕ್ಯಾಲೊರಿ. ಅಂದರೆ ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿದ ತಂಬುಳಿ, ದೇಹ ಹನ್ನೆರಡು-ಹದಿಮೂರು ನಿಮಿಷ ದುಡಿದು ಮಾಡಿದ ಶಾಖವನ್ನು ಹೀರಿಕೊಂಡಿತು. ಊಟದ ಸ್ವಂತ ಬಿಸಿ ಇನ್ನೂ ಶುರುವೇ ಆಗಿಲ್ಲ. ಕಾಲು ಗಂಟೆಗೆ ಚಳಿ ಹುಟ್ಟಿ ಗಂಟೆಯ ಮೇಲೆ ಬಿಡುವುದಕ್ಕೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಅದೇ ತಂಬುಳಿ ಕೋಣೆಯ ಹದದಲ್ಲಿ, 24 ಡಿಗ್ರಿಯಲ್ಲಿದ್ದರೆ ಬೇಕಾಗುವುದು 5 ಕ್ಯಾಲೊರಿ ಮಾತ್ರ. ಹಿಂದಿನವರು ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಅಂತ ದಿನಾ ತಂಬುಳಿ ಉಂಡರೂ ನಡುಗದೇ ಇದ್ದದ್ದಕ್ಕೆ ಕಾರಣ ಸರಳ: ಮಜ್ಜಿಗೆ ಕಡೆದು ನೆಲುವಿನ ಮೇಲೆ ಇಟ್ಟದ್ದು, ಜೊತೆಗೆ ಎರಡು ಹುಟ್ಟು ಬಿಸಿ ಅನ್ನ, ಮೇಲೆ ತೋಟದ ಕೆಲಸ. ತಂಬುಳಿಯ ತಪ್ಪಲ್ಲ, ಅದರ ಜೊತೆಗಿದ್ದ ಅನ್ನ ಹೋಗಿ ಅದರ ಪ್ರಮಾಣ ಹೆಚ್ಚಾದದ್ದು ತೊಂದರೆ. ಕರಾವಳಿಯಲ್ಲಿ ಇದೇ ಕತೆ ಫ್ರಿಜ್ಜಿನ ಸೋಲ್ ಕಡಿ, ಮುರುಗಲು ಪಾನಕ, ಹಣ್ಣಿನ ಬಟ್ಟಲಿನ ರೂಪದಲ್ಲಿ ಬರುತ್ತದೆ.

ಇಷ್ಟೇ ಆಗಿದ್ದರೆ ಮೊದಲ ವಾರದಿಂದಲೇ ಚಳಿಯಾಗಬೇಕಿತ್ತು. ನಿಮಗೆ ಅದು ಆರನೇ ವಾರದ ಸುಮಾರಿಗೆ ಶುರುವಾಗಿದೆ. ಇಲ್ಲಿಗೆ ಎರಡನೇ, ಹೆಚ್ಚು ಮುಖ್ಯವಾದ ಕಾರಣ ಬರುತ್ತದೆ. ನಿಮ್ಮ ಇಡೀ ದಿನದ ಆಹಾರ ಕೂಡಿದರೆ 800-900 ಕ್ಯಾಲೊರಿ ದಾಟುವ ಹಾಗೆ ಕಾಣುವುದಿಲ್ಲ, ಪ್ರೋಟೀನ್ 30 ಗ್ರಾಂ ಒಳಗೇ. ನಿಮ್ಮ ವಿಶ್ರಾಂತಿಯ ಖರ್ಚೇ ಸುಮಾರು 1,290. (ಹೆಂಗಸರಿಗೆ ಲೆಕ್ಕ ಹೀಗೆ: ಕಿಲೋ ತೂಕ ಗುಣಿಸು 10, ಕೂಡಿಸು ಸೆಂ.ಮೀ. ಎತ್ತರ ಗುಣಿಸು 6.25, ಕಳೆ ವಯಸ್ಸು ಗುಣಿಸು 5, ಕಳೆ 161.) ಮನೆಗೆಲಸ, ಓಡಾಟ ಸೇರಿದರೆ 1,700 ಹತ್ತಿರ. ಅರ್ಧದಷ್ಟೇ ಒಳಗೆ ಹೋಗುತ್ತಿದೆ. ಹೀಗೆ ವಾರಗಟ್ಟಲೆ ನಡೆದರೆ ದೇಹ ಬರಗಾಲದ ಲೆಕ್ಕಕ್ಕೆ ಇಳಿಯುತ್ತದೆ: ಥೈರಾಯ್ಡ್ ಗ್ರಂಥಿ ಚೆನ್ನಾಗಿದ್ದರೂ ಅದರ ಹಾರ್ಮೋನು ಚುರುಕಾದ ಟಿ3 ರೂಪಕ್ಕೆ ಬದಲಾಗುವುದು ತಗ್ಗುತ್ತದೆ, ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಕುಸಿಯುತ್ತದೆ, ಶಾಖ ಹುಟ್ಟಿಸುವ ನರಗಳ ಪ್ರಚೋದನೆ ಮಂದವಾಗುತ್ತದೆ. ಪ್ರೋಟೀನ್ ಸಾಲದೆ ಸ್ನಾಯುವೂ ಸ್ವಲ್ಪ ಕರಗಿರುತ್ತದೆ. ಸ್ನಾಯು ಅಂದರೆ ಮೈಯ ಒಲೆ. ಅದು ಸಣ್ಣದಾದಷ್ಟೂ ಕಾವು ಕಡಿಮೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಬೇಸಿಗೆಯಲ್ಲೂ ಚಳಿ ಅನ್ನುವುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ ಅನ್ನುವುದನ್ನು ಇಂದಿನ 800 ಕ್ಯಾಲೊರಿ ಡಯಟ್ ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯದು ರಕ್ತದ ಹಂಚಿಕೆ. ಉಂಡ ಕೂಡಲೇ ಕರುಳಿಗೆ ಹೋಗುವ ರಕ್ತ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬಿ.ಪಿ. ಕುಸಿಯದಂತೆ ಚರ್ಮದ, ಕೈಬೆರಳಿನ ರಕ್ತನಾಳಗಳು ಬಿಗಿಯುತ್ತವೆ. ಹೊಟ್ಟೆತುಂಬ ಉಂಡವರಿಗೆ ಇದು ಗೊತ್ತೇ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ಶಾಖ ಏರಿ ಕೈ ಮತ್ತೆ ಬೆಚ್ಚಗಾಗುತ್ತದೆ. ಡಯಟ್ ಮಾಡುವವರಲ್ಲಿ ಆ ಏರಿಕೆ ಬಡವಾಗಿರುತ್ತದೆ, ತೂಕದ ಜೊತೆ ಮೊದಮೊದಲು ಉಪ್ಪು-ನೀರೂ ಹೋಗಿರುತ್ತದೆ. ಕೈ ತಣ್ಣಗಾದದ್ದು ಹಾಗೇ ಉಳಿಯುತ್ತದೆ. ಆಷಾಢದ ಶಿರಸಿಯಲ್ಲಿ ಹಸಿ ಒಣಗದ ಬಟ್ಟೆ, ಬರಿಗಾಲಿಗೆ ಸಿಮೆಂಟು ನೆಲ ಬೇರೆ. ಒದ್ದೆ ಬಟ್ಟೆ ಮೈಯ ಶಾಖವನ್ನು ಒಣ ಬಟ್ಟೆಗಿಂತ ಎಷ್ಟೋ ಬೇಗ ಎಳೆಯುತ್ತದೆ. ಊಟಕ್ಕೆ ಮೊದಲು ಒದ್ದೆ ಸೆರಗು ಬದಲಿಸಿ, ಕಾಲಿಗೆ ಸಾಕ್ಸ್ ಹಾಕಿ. ಇದು ಔಷಧವಲ್ಲ, ಆದರೆ ಪರೀಕ್ಷೆ ಮಾಡುವಾಗ ಲೆಕ್ಕ ತಪ್ಪದಿರಲು ಬೇಕು.

ಪರೀಕ್ಷೆ ಅಂದೆ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಗೊತ್ತಾಗುವುದಿಲ್ಲ. ಮೊದಲ ಮೂರು ದಿನ ಊಟದ ಅಳತೆ ಇದ್ದಂತೆಯೇ ಇರಲಿ, ತಂಬುಳಿಯ ಬಿಸಿ ಮಾತ್ರ ಬದಲಾಗಲಿ. ಮೊಸರನ್ನು ಒಂದೂವರೆ ಗಂಟೆ ಮುಂಚೆ ಹೊರಗಿಟ್ಟು, ಕಡೆಯುವಾಗ ಉಗುರುಬೆಚ್ಚಗಿನ ನೀರು ಹಾಕಿ. ಮಜ್ಜಿಗೆಯನ್ನು ಒಲೆಯ ಮೇಲೆ ಕಾಯಿಸಬೇಡಿ, ಒಡೆಯುತ್ತದೆ. ಡಿಜಿಟಲ್ ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ಊಟಕ್ಕೆ ಮೊದಲು, ಉಂಡು ಅರ್ಧ ಗಂಟೆಗೆ, ಎರಡು ಗಂಟೆಗೆ ಬರೆದಿಡಿ. ಬಾಯಲ್ಲಿ ಇಟ್ಟರೆ ಕುಡಿದ ಮಜ್ಜಿಗೆಯ ತಂಪನ್ನೇ ಅದು ತೋರಿಸುತ್ತದೆ, ಹಾಗಾಗಿ ಕಂಕುಳೇ ಸರಿ. 36 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದು ಚಳಿ ಅನಿಸಿದರೆ ಹೆದರಬೇಕಿಲ್ಲ. 35ಕ್ಕಿಂತ ಕೆಳಗೆ ಮತ್ತೆ ಮತ್ತೆ ಬಂದರೆ ವೈದ್ಯರಲ್ಲಿಗೆ. 38 ದಾಟಿದರೆ ಅದು ಡಯಟ್ಟಿನ ಚಳಿಯೇ ಅಲ್ಲ, ಜ್ವರ. ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ಇಲಿಜ್ವರ, ಡೆಂಗಿ ಇವೆ. ಕಾಡಂಚಿನ ಊರಿನವರಿಗೆ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಮಂಗನ ಕಾಯಿಲೆಯ ಅನುಮಾನವೂ ಇರಬೇಕು. ‘ತಿಂದಿದ್ದು ಕಡಿಮೆಯಾಯಿತು, ಅದಕ್ಕೇ ಚಳಿ’ ಅಂತ ಆಗ ಕೂರಬಾರದು.

ಮೂರು ದಿನದಲ್ಲಿ ಚಳಿ ಅರ್ಧಕ್ಕರ್ಧ ಇಳಿದರೂ ಎರಡನೇ ಹೆಜ್ಜೆ ಬಿಡಬೇಡಿ, ಯಾಕೆಂದರೆ ಬೆಚ್ಚನೆ ತಂಬುಳಿ ಲಕ್ಷಣವನ್ನು ಮುಚ್ಚುತ್ತದೆ, ಕೊರತೆಯನ್ನು ತುಂಬುವುದಿಲ್ಲ. ನಾಲ್ಕನೇ ದಿನದಿಂದ ದಿನಕ್ಕೆ 200 ಕ್ಯಾಲೊರಿ ಸೇರಿಸಿ, ಆಮೇಲೆ ವಾರಕ್ಕೊಮ್ಮೆ ಇನ್ನೂ 200ರಂತೆ ಏರಿಸಿ. ನಿಲ್ಲಬೇಕಾದದ್ದು 1,350-1,400ಕ್ಕೆ. 1,700 ಖರ್ಚಿಗೆ ಇನ್ನೂ 300ರಷ್ಟು ಕೊರತೆ ಉಳಿದೇ ಇರುತ್ತದೆ, ತೂಕ ವಾರಕ್ಕೆ 250-300 ಗ್ರಾಂ ಇಳಿಯುತ್ತಲೇ ಹೋಗುತ್ತದೆ. ಮೊದಲ ವಾರ ತಕ್ಕಡಿ ಅರ್ಧದಿಂದ ಒಂದು ಕಿಲೋ ಮೇಲೆ ತೋರಿಸಬಹುದು. ಅದು ಕೊಬ್ಬಲ್ಲ, ಸ್ನಾಯು ಮತ್ತು ಯಕೃತ್ತಿನಲ್ಲಿ ಪಿಷ್ಟ ತುಂಬಿಕೊಳ್ಳುವಾಗ ಜೊತೆಗೆ ಹಿಡಿದಿಡುವ ನೀರು. ಬಹಳ ಜನ ಇಲ್ಲಿಯೇ ಗಾಬರಿಯಾಗಿ ಹಳೆಯ ಅರೆಹೊಟ್ಟೆಗೆ ಮರಳುತ್ತಾರೆ. ಆ ವಾರ ತಕ್ಕಡಿ ಹತ್ತದಿರುವುದೇ ಲೇಸು.

ಮಧ್ಯಾಹ್ನದ ತಟ್ಟೆ ಹೀಗಿರಲಿ. ಕೂತ ಕೂಡಲೇ ಮುಕ್ಕಾಲು ಲೋಟ ಬಿಸಿ ಸಾರು ಅಥವಾ ಅಪ್ಪೆಹುಳಿ (ಮಾವಿನಕಾಯಿಯ ನೀರಾದ ಹುಳಿಸಾರು) ಕುಡಿಯಿರಿ. ಅಪ್ಪೆಹುಳಿ ಇಲ್ಲಿ ಬಹಳ ಉಪಯೋಗದ್ದು: ಕ್ಯಾಲೊರಿ ಇಲ್ಲವೇ ಇಲ್ಲ ಅನ್ನುವಷ್ಟು, ಬಿಸಿಯಾಗಿ ಕುಡಿದರೆ ಹೊಟ್ಟೆ ಬೆಚ್ಚಗಾಗುತ್ತದೆ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು. ಬಿ.ಪಿ. ಇದ್ದವರು ಉಪ್ಪಿನ ಮೇಲೆ ಕಣ್ಣಿಡಬೇಕು. ಆಮೇಲೆ 150 ಗ್ರಾಂ ಬೆಂದ ಅನ್ನ, 40 ಗ್ರಾಂ ಹೆಸರುಬೇಳೆಯ ಗಟ್ಟಿ ತೊವ್ವೆ, 50 ಗ್ರಾಂ ಪನೀರ್ ಹಾಕಿದ ಪಲ್ಯ, ಕೊನೆಗೆ ಅರ್ಧ ಲೋಟ ತಂಬುಳಿ. ಇದು 500 ಕ್ಯಾಲೊರಿ ಚಿಲ್ಲರೆ, ಪ್ರೋಟೀನ್ 24 ಗ್ರಾಂ ಹತ್ತಿರ, ಅರಗುವಾಗ ಹುಟ್ಟುವ ಶಾಖ 45ಕ್ಕೂ ಮೇಲೆ. ಈಗಿನದರ ದುಪ್ಪಟ್ಟು. ಬೇಳೆ ಅಳೆಯುವುದು ಹಸಿಯಾಗಿದ್ದಾಗ, ಅನ್ನ ಅಳೆಯುವುದು ಬೆಂದ ಮೇಲೆ. ಇದು ಅದಲುಬದಲಾದರೆ ಲೆಕ್ಕ ಎರಡು ಮೂರು ಪಟ್ಟು ಹಾಳು. ಇನ್ನೊಂದು ಸಾಮಾನ್ಯ ತಪ್ಪು, ನೀರಾದ ಸಾರನ್ನು ಬೇಳೆ ಅಂತ ಎಣಿಸುವುದು. ತಿಳಿಸಾರಿನ ಒಂದು ಸೌಟಿನಲ್ಲಿ ಪ್ರೋಟೀನ್ ಒಂದು ಗ್ರಾಂ ಸಿಕ್ಕರೆ ದೊಡ್ಡದು.

ಉಳಿದ ಹೊತ್ತಿಗೆ: ಓಟ್ಸ್ 40 ಗ್ರಾಂ ಮಾಡಿ, ನೀರಿನ ಬದಲು 200 ಮಿ.ಲೀ. ಹಾಲಲ್ಲಿ ಬೇಯಿಸಿ, ಮೇಲೆ 15 ಗ್ರಾಂ ಹುರಿದ ಶೇಂಗಾ ಹಾಕಿ. ಸಂಜೆ 30 ಗ್ರಾಂ ಹುರಿಗಡಲೆ. ರಾತ್ರಿ ಎರಡು ಫುಲ್ಕ, 40 ಗ್ರಾಂ ಹುರುಳಿ ಇಲ್ಲವೇ ಅಲಸಂದೆ ಕಾಳಿನ ಗಸಿ, ಒಂದು ಸಣ್ಣ ಬಟ್ಟಲು ಮೊಸರು. ಪಪ್ಪಾಯಿ ಬೇಕಾದರೆ ಊಟದ ಜೊತೆ ಬೇಡ, ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ತಿನ್ನಿ. ದಿನದ ಪ್ರೋಟೀನ್ 65 ಗ್ರಾಂ ಮುಟ್ಟುತ್ತದೆ, ಅಂದರೆ ಕಿಲೋ ತೂಕಕ್ಕೆ ಒಂದು ಗ್ರಾಂ. ಡಯಟ್ ಮಾಡುವಾಗ ಇದಕ್ಕಿಂತ ಕಡಿಮೆಯಾಗುವುದು ಬೇಡ, 1.2ರವರೆಗೆ ಹೋದರೆ ಇನ್ನೂ ಒಳ್ಳೆಯದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಏರಿಸಬಾರದು.

ಅಂಕೋಲೆ, ಕಾರವಾರದ ಕಡೆ ಮೀನು ತಿನ್ನುವವರಿಗೆ ಈ ತಾಪತ್ರಯವೇ ಕಡಿಮೆ. ಎರಡು ಮಧ್ಯಮ ಗಾತ್ರದ ಬಂಗುಡೆಯ ಮಾಂಸ 100-120 ಗ್ರಾಂ ಆದರೆ 20 ಗ್ರಾಂ ಮೇಲೆ ಪ್ರೋಟೀನ್ ಅಲ್ಲೇ ಬಂತು. ತಾರಲೆಯೂ ಅಷ್ಟೇ. ಬೆಳಚು, ಅಂದರೆ ಕೊಂಕಣಿಗರ ತಿಸ್ರೆ, ಬಿ12ಕ್ಕೆ ಹೇಳಿ ಮಾಡಿಸಿದ್ದು. ಕುಚ್ಚಲಕ್ಕಿ ಗಂಜಿಯನ್ನು ಬಿಸಿಯಾಗಿ, ಮೀನಿನ ಹುಳಿಯ ಜೊತೆ ಉಂಡರೆ ಚಳಿಗೆ ಅದಕ್ಕಿಂತ ಒಳ್ಳೆಯ ಡಯಟ್ ಊಟ ಹುಡುಕುವುದು ಕಷ್ಟ. ಕೆಡುವುದು ಎಲ್ಲಿ ಅಂದರೆ, ಅನ್ನ ಪೂರ್ತಿ ಬಿಟ್ಟು ಬರೀ ಮೀನು ತಿನ್ನುವವರಲ್ಲಿ. ಪಿಷ್ಟ ತೀರಾ ಕಡಿಮೆಯಾದರೂ ಟಿ3 ಇಳಿಯುತ್ತದೆ, ಪ್ರೋಟೀನ್ ತುಂಬಾ ಇದ್ದರೂ ಕೈ ತಣ್ಣಗೇ.

ಶುಂಠಿ, ಕಾಳುಮೆಣಸು, ಕಷಾಯ ಕುಡಿಯಬಹುದೇ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕುಡಿಯಿರಿ, ಹಿತವಾಗುತ್ತದೆ. ಮೆಣಸು, ಶುಂಠಿ ಬಿಸಿ ತಿಳಿಯುವ ನರಗಳನ್ನೇ ಕೆಣಕುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ಹುಟ್ಟುವ ಶಾಖ ಮಾತ್ರ ಅತ್ಯಲ್ಪ. ಒಂದು ಚಮಚ ಬೆಲ್ಲಕ್ಕೆ 20 ಕ್ಯಾಲೊರಿ ಲೆಕ್ಕದಲ್ಲಿರಲಿ. ಚಹಾ ಮಾತ್ರ ಊಟದ ಬೆನ್ನಿಗೇ ಬೇಡ, ಒಂದು ಗಂಟೆ ತಡೆಯಿರಿ. ಬೇಳೆ-ಸೊಪ್ಪಿನ ಕಬ್ಬಿಣವನ್ನು ದೇಹ ಹೀರದಂತೆ ಅದು ತಡೆಯುತ್ತದೆ. ಚಳಿ ಅಂತ ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಿಸಿನೀರು ಸುರಿದುಕೊಳ್ಳುವುದಂತೂ ಬೇಡವೇ ಬೇಡ. ಕರುಳಿಗೆ ರಕ್ತ ಹೋಗಿರುವ ಹೊತ್ತಿನಲ್ಲಿ ಚರ್ಮದ ನಾಳಗಳೂ ತೆರೆದರೆ ಬಿ.ಪಿ. ಬಿದ್ದು ತಲೆ ತಿರುಗುತ್ತದೆ, ಬಚ್ಚಲಲ್ಲಿ ಬಿದ್ದವರ ಸೊಂಟ ಮುರಿಯುವುದು ಹೀಗೆಯೇ. ಅದರ ಬದಲು ಜಗಲಿಯಲ್ಲಿ ಹತ್ತು ಹದಿನೈದು ನಿಮಿಷ ನಿಧಾನ ಅಡ್ಡಾಡಿ, ಸ್ನಾಯು ಶಾಖ ಕೊಡುತ್ತದೆ, ಸಕ್ಕರೆಯೂ ಹದದಲ್ಲಿರುತ್ತದೆ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಹತ್ತರಂತೆ ಮೂರು ಸಲ ಮಾಡಿದರೆ ಇದ್ದ ಸ್ನಾಯು ಉಳಿಯುತ್ತದೆ.

ಇನ್ನು ಕಾಯಿಲೆಯ ಅನುಮಾನ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡಿಗೆ ಟಿಎಸ್‌ಎಚ್ ಮತ್ತು ಫ್ರೀ ಟಿ4, ಬಿ12, ಖಾಲಿಹೊಟ್ಟೆಯ ಸಕ್ಕರೆ ಇರಲಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಾದರೆ ರಕ್ತಹೀನತೆ. ಅದು 12 ಮೇಲಿದ್ದೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಬರಿದಾಗುತ್ತಿದೆ ಅಂತ ಅರ್ಥ, ಆಗಲೂ ಚಳಿ ಹೆಚ್ಚು. ಹಾಲು-ಮೊಸರು ಕಡಿಮೆ ಮಾಡಿದ ಸಸ್ಯಾಹಾರಿಗಳಲ್ಲಿ ಬಿ12 ಇಳಿಯುತ್ತದೆ, ಅದರಲ್ಲಿ ಚಳಿಗಿಂತ ಪಾದ ಜೋಮು ಹಿಡಿಯುವುದು ಹೆಚ್ಚು. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಥೈರಾಯ್ಡ್ ವರದಿಯನ್ನೇ ಅದು ತಿರುಚುತ್ತದೆ. ಇನ್ನೊಂದು ಮಾತು ಒತ್ತಿ ಹೇಳಬೇಕು: ಟಿಎಸ್‌ಎಚ್ ಸರಿಯಿದ್ದು ಟಿ3 ಮಾತ್ರ ಸ್ವಲ್ಪ ಕಡಿಮೆ ಬಂದರೆ ಅದು ಅರೆಹೊಟ್ಟೆಯ ಗುರುತು, ಥೈರಾಯ್ಡ್ ಕಾಯಿಲೆಯಲ್ಲ. ಊಟ ಸರಿಯಾದರೆ ಅದೂ ಏರುತ್ತದೆ. ಅದಕ್ಕೆ ಮಾತ್ರೆ ನುಂಗಿದರೆ ಸ್ನಾಯು ಇನ್ನಷ್ಟು ಕರಗಿ, ಎದೆಬಡಿತ ಶುರುವಾಗುತ್ತದೆ. ನಿಜವಾದ ಥೈರಾಯ್ಡ್ ಕೊರತೆಯಲ್ಲಿ ಚಳಿ ಊಟಕ್ಕೆ ಕಾಯುವುದಿಲ್ಲ, ದಿನವಿಡೀ ಇರುತ್ತದೆ. ಮಲಬದ್ಧತೆ, ಒಣ ಚರ್ಮ, ಗೊಗ್ಗರು ದನಿ ಜೊತೆಗಿರುತ್ತವೆ, ತೂಕ ಇಳಿಯಲಿಕ್ಕೇ ಒಪ್ಪುವುದಿಲ್ಲ. ನಿಮ್ಮದು ವಾರಕ್ಕೆ ಒಂದು ಕಿಲೋದ ಹತ್ತಿರ ಇಳಿದಿದೆ.

ಚಳಿಯ ಜೊತೆ ಬೆವರು ಬಂದರೆ ದಾರಿ ಬೇರೆ. ಕಾರವಾರದ ಸೆಕೆಯಲ್ಲಿ, 32 ಡಿಗ್ರಿಯಲ್ಲಿ ಕೂತು, ಉಂಡು ಎರಡರಿಂದ ನಾಲ್ಕು ಗಂಟೆಗೆ ತಣ್ಣನೆ ಬೆವರು, ನಡುಕ, ಎದೆ ಡವಡವ ಅಂದರೆ ಸಕ್ಕರೆ ಇಳಿದಿರಬಹುದು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ವೈದ್ಯರಿಂದ ಡೋಸು ಬದಲಿಸಿಕೊಳ್ಳಬೇಕು. ಬಿ.ಪಿ., ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್, ಅಟೆನೊಲಾಲ್ ನುಂಗುವವರ ಕೈಕಾಲು ಹೇಗೂ ತಣ್ಣಗಿರುತ್ತದೆ. ತಾನಾಗಿ ನಿಲ್ಲಿಸುವ ಮಾತ್ರೆಗಳಲ್ಲ ಅವು. ವಯಸ್ಸಾದವರಲ್ಲಿ ಉಂಡ ಎರಡು ಗಂಟೆಯೊಳಗೆ ಮೇಲಿನ ಬಿ.ಪಿ. 20 ಅಂಕ ಬಿದ್ದು ಚಳಿ, ಕಣ್ಣು ಕತ್ತಲೆ ಬರುವುದೂ ಉಂಟು. ಅವರಿಗೆ ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ಕೊಡುವುದು ವಾಸಿ.

ಬೆರಳು ಬಿಳಿಚಿ ಆಮೇಲೆ ನೀಲಿಯಾದರೆ, ಮೂರು ತಿಂಗಳು ಮುಟ್ಟು ನಿಂತರೆ, ಎಚ್ಚರ ತಪ್ಪಿದರೆ, ನಾಡಿ 50ಕ್ಕಿಂತ ಕೆಳಗೆ ಇಳಿದು ತಲೆ ತಿರುಗಿದರೆ ಈ ತಟ್ಟೆಯ ಪ್ರಯೋಗ ಮಾಡುತ್ತಾ ಕೂರದೆ ವೈದ್ಯರನ್ನು ಕಾಣಿ. ಅರ್ಧ ಸೌಟು ಅನ್ನ ಹೆಚ್ಚು ಹಾಕಿಕೊಳ್ಳಲೂ ಜೀವ ಹೆದರುತ್ತದೆ ಅನಿಸಿದರೆ ಅದನ್ನೂ ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಹೊಸ ತಟ್ಟೆಗೆ ಬಂದ ಮೇಲೆ ಊಟದ ನಂತರದ ನಡುಕ ಮೊದಲ ವಾರ ಹತ್ತು ದಿನದಲ್ಲೇ ಕಡಿಮೆಯಾಗಬೇಕು, ಬೆಳಗಿನ ತಣ್ಣನೆ ಕೈಕಾಲು ಸರಿಹೋಗಲು ಮೂರು ನಾಲ್ಕು ವಾರ ಬೇಕು. ನಾಲ್ಕು ವಾರಕ್ಕೂ ಬದಲಾಗದಿದ್ದರೆ ಎರಡು ವಾರ ಡಯಟ್ ಬಿಟ್ಟು 1,700 ಕ್ಯಾಲೊರಿ ಉಂಡು ನೋಡಿ. ಆಗಲೂ ಶಾಲು ಬೇಕೆನಿಸಿದರೆ ಬರೆದಿಟ್ಟ ಥರ್ಮಾಮೀಟರ್ ಅಂಕಿ, ಊಟದ ಪಟ್ಟಿ, ರಕ್ತದ ವರದಿ ಮೂರನ್ನೂ ಹಿಡಿದು ಫಿಜಿಷಿಯನ್ ಹತ್ತಿರ ಹೋಗಿ. ಅಂದಹಾಗೆ ಈ ನಡುವೆ ಏಕಾದಶಿ, ಶ್ರಾವಣದ ಒಪ್ಪತ್ತು ಬಂದರೆ ಆ ತಿಂಗಳ ಮಟ್ಟಿಗೆ ಬಿಡಿ. ಬಿಡಲಾಗದಿದ್ದರೆ ಫಲಾಹಾರದ ಬಟ್ಟಲಿನ ಜೊತೆ ಒಂದು ಲೋಟ ಬಿಸಿ ಹಾಲು ಮತ್ತು ಒಂದು ಹಿಡಿ ಶೇಂಗಾ ಇರಲೇಬೇಕು.